ಹನ್ನೊಂದು ನಿಮಿಷದ ಅಳತೆ

ನನ್ನ ಮಾವ ನಲವತ್ತಾರು ವರ್ಷ ಊರಿನ ಗಂಡಸರ ಹೊಟ್ಟೆಗಳ ಜೊತೆ ಜಗಳವಾಡಿದವರು. ಟೈಲರ್ ಅವರು. ಪ್ಯಾಂಟಿಗೆ ಅಳತೆ ಕೊಡಲು ಬಂದವನ ಸೊಂಟಕ್ಕೆ ಟೇಪು ಸುತ್ತಿದ ಕೂಡಲೇ ಅವನು ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಕ್ಕೆಳೆದುಕೊಳ್ಳುತ್ತಾನೆ. ಬ್ಯಾಂಕಿನ ಮ್ಯಾನೇಜರನೂ ಅಷ್ಟೇ, ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನೂ ಅಷ್ಟೇ. ಮಾವ ಟೇಪು ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದರು. ಮನುಷ್ಯ ಎಷ್ಟು ಹೊತ್ತು ಉಸಿರು ಹಿಡಿದಾನು?

"ಹೊಟ್ಟೆ ಸಡಿಲ ಬಿಡಿ ಸ್ವಾಮಿ. ಟೈಲರ್ ಹತ್ರ ಎಂಥ ನಾಚಿಕೆ? ಈಗ ನೀವು ಎಳ್ಕೊಂಡ್ರೆ ಊಟಕ್ಕೆ ಕೂತಾಗ ಗುಂಡಿ ಹಾರಿ ಹೋಗುತ್ತೆ. ಆಮೇಲೆ ಊರೆಲ್ಲ ನನ್ನ ಹೊಲಿಗೆ ಸರಿಯಿಲ್ಲ ಅಂತೀರಿ."

ಬೀದಿಯಲ್ಲಿ ಎಲ್ಲರೂ ಅವರನ್ನು ಟೇಪ್ ಮಾಸ್ಟ್ರು ಅಂತಲೇ ಕರೆಯುತ್ತಿದ್ದರು. ಕೊರಳಲ್ಲಿ ಸದಾ ನೇತಾಡುವ ಹಳದಿ ಟೇಪು, ಕಿವಿಯ ಮೇಲೆ ಸೀಮೆಸುಣ್ಣದ ಚೂರು. ಊರಿಗೆಲ್ಲ ಹೀಗೆ ಬುದ್ಧಿ ಹೇಳಿದ ಮನುಷ್ಯ ತನ್ನ ಸರದಿ ಬಂದಾಗ ಏನು ಮಾಡಿದರು ಎಂದು ಹೇಳುವುದಕ್ಕೇ ನಾನು ಕೂತಿದ್ದೇನೆ. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಅವರ ಮೇಲೂ ಸಿಟ್ಟು, ನನ್ನ ಮೇಲೂ ಸಿಟ್ಟು. ಆದರೆ ನಮ್ಮಿಬ್ಬರಿಗಿಂತ ಹೆಚ್ಚಿನ ಸಿಟ್ಟು ಯಾರ ಮೇಲೆ ಎಂಬುದು ಮುಂದೆ ತಾನಾಗಿಯೇ ತಿಳಿಯುತ್ತದೆ.

ಅಂಗಡಿ ಬೇರೆ, ಮನೆ ಬೇರೆ ಅಲ್ಲ ನಮಗೆ. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಒಂದು ಕತ್ತರಿಸುವ ಮೇಜು, ಇಸ್ತ್ರಿ ಪೆಟ್ಟಿಗೆ, ಒಂದು ಉದ್ದ ಕನ್ನಡಿ. ಹಿಂದೆ ಅಡುಗೆಮನೆ, ಮಲಗುವ ಎರಡು ಕೋಣೆ. ನಾನು ಸೊಸೆಯಾಗಿ ಬಂದಾಗ ನನಗೆ ಗುಂಡಿ ಹಾಕಲೂ ನೆಟ್ಟಗೆ ಬರುತ್ತಿರಲಿಲ್ಲ. ಅತ್ತೆ ಆಗಲೇ ತೀರಿಕೊಂಡಿದ್ದರು. ಗಂಡ ದೂರದ ಬಸ್ಸಿನ ಡ್ರೈವರ್. ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಬೇಜಾರು ಕಳೆಯಲು ಎರಡನೇ ಯಂತ್ರದ ಮುಂದೆ ಕೂತೆ. ಮಾವ ಕಲಿಸಿದರು. ನನ್ನ ಮೊದಲ ಕಾಲರನ್ನು ಅವರು ಆರು ಸಲ ಬಿಚ್ಚಿಸಿದರು, ಏಳನೆಯ ಸಲ ಮುಖ ತಿರುಗಿಸಿಕೊಂಡು "ಪರವಾಗಿಲ್ಲ" ಅಂದರು. ಹದಿನಾಲ್ಕು ವರ್ಷದಲ್ಲಿ ಅವರಿಂದ ಸಿಕ್ಕಿದ ದೊಡ್ಡ ಹೊಗಳಿಕೆ ಅದೇ.

ಅವರಿಗೆ ಹಳೆಯ ಸಕ್ಕರೆ ಕಾಯಿಲೆ. ಪಾದಗಳಲ್ಲಿ ಸ್ಪರ್ಶ ಹೋಗಿ ಎಷ್ಟೋ ಕಾಲವಾಗಿತ್ತು. ಆದರೂ ಬಲಗಾಲಲ್ಲಿ ಪೆಡಲು ತುಳಿಯುತ್ತಲೇ ಇದ್ದರು, ಬರಿಗಾಲಲ್ಲಿ. ಚಪ್ಪಲಿ ಹಾಕಿಕೊಂಡರೆ ಯಂತ್ರದ ಮಾತು ಕೇಳಿಸುವುದಿಲ್ಲ ಎನ್ನುವುದು ಅವರ ವಾದ. ಒಂದು ಬೆಳಿಗ್ಗೆ ಅಂಗಡಿ ಗುಡಿಸುವಾಗ ನೆಲದ ಮೇಲೆ ಕಂದು ಚುಕ್ಕೆಗಳ ಸಾಲು ಕಂಡಿತು. ಮೇಜಿನಿಂದ ಯಂತ್ರಕ್ಕೆ, ಯಂತ್ರದಿಂದ ಬಾಗಿಲಿಗೆ. ಅವರ ಪಾದ ಎತ್ತಿ ನೋಡಿದೆ. ಅಂಗಾಲಿನಲ್ಲಿ ಒಂದು ಗುಂಡುಸೂಜಿ ತಲೆಯವರೆಗೂ ಹೊಕ್ಕು ಕೂತಿತ್ತು. ನಮ್ಮದೇ ಅಂಗಡಿಯ ಗುಂಡುಸೂಜಿ. ಎರಡು ದಿನದಿಂದ ಅದರ ಮೇಲೆಯೇ ನಡೆದಾಡಿದ್ದರು, ಆ ಕಾಲಿನಿಂದಲೇ ಪೆಡಲು ತುಳಿದಿದ್ದರು.

ಕೀವು ಬೆರಳಿಗೂ ಹಬ್ಬಿದೆಯೆಂದು ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಅಂಗಾಲಿನ ಗಾಯವನ್ನು ಹೊಲಿಯದೆ ತೆರೆದೇ ಬಿಟ್ಟರು; ಅದು ಒಳಗಿನಿಂದ ತುಂಬಿಕೊಂಡು ಬರಬೇಕಂತೆ. "ಗಾಯ ಮುಚ್ಚಿದರೆ ಪಾದ ಉಳಿಯುತ್ತೆ. ಮೂಳೆಗೆ ಇಳಿದರೆ ಪಾದ ಹೋಗುತ್ತೆ" ಅಂದರು ಡಾಕ್ಟರು. ಮಾವನಿಗೆ ಕೇಳಿಸಿದ್ದು ಒಂದೇ, ಪೆಡಲು ತುಳಿಯುವ ಕಾಲು.

ಎಂಟನೆಯ ದಿನ ಮನೆಗೆ ಕಳಿಸುವಾಗ ಒಬ್ಬ ಹೆಣ್ಣುಮಗಳು ಕೈಗೆ ಒಂದು ಕಡತ ಕೊಟ್ಟು ಒಂದೇ ಉಸಿರಿನಲ್ಲಿ ಏನೋ ಒಪ್ಪಿಸಿದಳು. ಮನೆ ಆರೈಕೆ ಸೇವೆ, ವಾರಕ್ಕೆ ಮೂರು ದಿನ ನರ್ಸ್ ಬರುತ್ತಾರೆ, ಎರಡು ತಿಂಗಳಿಗೊಮ್ಮೆ ಪರಿಶೀಲನೆ, ಇಲ್ಲಿ ಸಹಿ, ಇಲ್ಲಿ ಸಹಿ, ಇಲ್ಲೊಂದು. ನಾನು ತಲೆಯಾಡಿಸಿದೆ. ಹದಿನೆಂಟು ಹಾಳೆಯ ಆ ಕಡತವನ್ನು ಮನೆಗೆ ತಂದು ಬಟ್ಟೆ ಬೀರುವಿನ ಮೇಲೆ ಇಟ್ಟೆ. ಓದಲಿಲ್ಲ. ಒಂದು ಕಡೆ ಕಾಯಿಲೆ ಮನುಷ್ಯ, ಇನ್ನೊಂದು ಕಡೆ ಒಪ್ಪಿಕೊಂಡ ಹದಿಮೂರು ಜೊತೆ ಶಾಲಾ ಸಮವಸ್ತ್ರ. ಓದುವುದಕ್ಕೆ ಯಾರಿಗೆ ಪುರುಸೊತ್ತಿತ್ತು? ಆದರೆ ಹಾಗೆಂದು ಈಗ ನನ್ನನ್ನು ನಾನು ಕ್ಷಮಿಸಿಕೊಳ್ಳುವುದಿಲ್ಲ.

ಸಿಸ್ಟರ್ ಬಂದದ್ದು ಸೋಮವಾರ. ಐವತ್ತರ ಹತ್ತಿರದ ವಯಸ್ಸು, ಸ್ಕೂಟರಿನ ಮುಂದೆ ದೊಡ್ಡ ಚೀಲ, ಮಾತು ಕಡಿಮೆ. ಬಂದವರೇ ಹಿತ್ತಲ ನಲ್ಲಿಯಲ್ಲಿ ಮೊಣಕೈವರೆಗೆ ಕೈ ತೊಳೆದರು. ಹಳೆಯ ಪಟ್ಟಿ ಬಿಚ್ಚಿ, ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದರು. ಆಮೇಲೆ ಚೀಲದಿಂದ ಕಾಗದದ ಒಂದು ಸಣ್ಣ ಅಳತೆಪಟ್ಟಿ ತೆಗೆದು ಗಾಯದ ಉದ್ದ, ಅಗಲ, ಆಳ ಅಳೆದು ಬರೆದುಕೊಂಡರು. ಅಲ್ಲಿಯವರೆಗೆ ಗೋಡೆ ನೋಡುತ್ತ ಮಲಗಿದ್ದ ಮಾವ ತಟ್ಟನೆ ತಲೆಯೆತ್ತಿದರು.

"ಎಷ್ಟು ಬಂತಮ್ಮ?"

"ನಾಲ್ಕೂವರೆ ಸೆಂಟಿಮೀಟರ್, ಮಾಸ್ಟ್ರೇ."

"ಹಾಗಂದ್ರೆ ಒಂದೂಮುಕ್ಕಾಲು ಇಂಚು" ಅಂದರು ಮಾವ. ನನ್ನ ಕಡೆ ತಿರುಗಿ, "ಈ ಸಿಸ್ಟರಿಗೆ ಅಳತೆ ಗೊತ್ತಿದೆ ಕಣಮ್ಮ" ಅಂದರು. ಅವರ ಬಾಯಲ್ಲಿ ಅದು ಬಿರುದು ಕೊಟ್ಟ ಹಾಗೆ.

ಪಕ್ಕದ ಮನೆಯವಳು ಬಂದು, "ನಿಮಗೇನಮ್ಮ, ಮನೆಗೇ ಆಯಾ ಬರ್ತಾಳೆ, ಪಾತ್ರೆನೂ ತೊಳೆಸ್ಕೊಳ್ಳಿ" ಎಂದು ಹಲ್ಲು ಕಿರಿದಳು. ಸಿಸ್ಟರ್ ಮಾಡುತ್ತಿದ್ದುದು ಏನೆಂದು ನೋಡಿದ್ದರೆ ಅವಳ ಬಾಯಿ ಮುಚ್ಚುತ್ತಿತ್ತು. ಸತ್ತ ಚರ್ಮವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತೆಗೆಯುವುದು, ಗಾಯದೊಳಗೆ ಔಷಧಿಯ ಬಟ್ಟೆಯನ್ನು ಬಿಗಿಯಾಗದ ಹಾಗೆ, ಸಡಿಲವೂ ಆಗದ ಹಾಗೆ ತುಂಬುವುದು, ಸಕ್ಕರೆ ನೋಡುವುದು, ಇನ್ನೊಂದು ಪಾದದ ಬೆರಳ ಸಂದಿಗಳನ್ನೂ ಬಿಡದೆ ನೋಡುವುದು. ನಾನು ಕತ್ತರಿ ಹಿಡಿದು ಬದುಕುವವಳು, ನನಗೆ ಕೈಯ ಬೆಲೆ ಗೊತ್ತು. ಅಂಥ ಕೈ ನಾನು ಬೇರೆ ಕಂಡಿಲ್ಲ.

ವಾರಗಳು ಕಳೆದವು. ನಾಲ್ಕೂವರೆ ನಾಲ್ಕಾಯಿತು, ಮೂರೂವರೆ ಆಯಿತು. ಎಂಟನೆಯ ವಾರ ಮೂರಕ್ಕೆ ಬಂತು. "ಒಂದೂಕಾಲು ಇಂಚಿಗೂ ಒಳಗೆ ಬಂತು!" ಎಂದು ಮಾವ ಅಂಗಡಿಗೆ ಬಂದವರಿಗೆಲ್ಲ ಸಾರಿದರು. ಅಷ್ಟಾದರೂ ಹಾಸಿಗೆಯಿಂದ ಪಾಯಿಖಾನೆಗೆ ಹೋಗಲು ವಾಕರ್ ಬೇಕಿತ್ತು, ಹಿಂದಿನಿಂದ ನಾನು ಬೇಕಿತ್ತು. ಬಲಗಾಲು ನೆಲಕ್ಕೆ ಊರುವ ಹಾಗಿರಲಿಲ್ಲ. ಸ್ನಾನ ನಾನೇ ಮಾಡಿಸುತ್ತಿದ್ದೆ. ಸ್ಟೂಲಿನ ಮೇಲೆ ಕೂರಿಸಿ ಬೆನ್ನಿಗೆ ನೀರು ಹಾಕುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು; ನಾನು ಸಮವಸ್ತ್ರದ ಲೆಕ್ಕ, ದಾರದ ಬಣ್ಣ, ಏನಾದರೊಂದು ಮಾತಾಡುತ್ತಿದ್ದೆ. ಆ ವಿಷಯ ನಾವಿಬ್ಬರೂ ಯಾರ ಮುಂದೆಯೂ ಎತ್ತಿದವರಲ್ಲ. ನನ್ನ ಗಂಡನ ಮುಂದೆ ಕೂಡ.

ಆಗ ಬಂತು ಆರೈಕೆ ಸೇವೆಯ ಕಚೇರಿಯಿಂದ ಫೋನು. ಗುರುವಾರ ಹತ್ತು ಗಂಟೆಗೆ ಪರಿಶೀಲನೆಗೆ ಅಧಿಕಾರಿ ಬರುತ್ತಾರೆ. ಬುಧವಾರ ಸಿಸ್ಟರ್ ಪಟ್ಟಿ ಕಟ್ಟಿ ಮುಗಿಸಿ ಬಾಗಿಲಲ್ಲಿ ತಿರುಗಿ ನಿಂತರು. "ನಾಳೆ ಬರೋರಿಗೆ ಇದ್ದದ್ದನ್ನ ಇದ್ದ ಹಾಗೆ ತೋರಿಸಿ. ಇದಕ್ಕಿಂತ ಹೆಚ್ಚು ನಾನು ಹೇಳೋ ಹಾಗಿಲ್ಲ" ಅಂದರು.

ನಾವು ಏನು ಮಾಡಿದೆವು? ಅಧಿಕಾರಿ ಮನೆಗೆ ಬರುತ್ತಾರೆ ಅಂದರೆ ಮರ್ಯಾದಸ್ಥರು ಮಾಡುವುದನ್ನೇ ಮಾಡಿದೆವು. ಮನೆಯನ್ನು ಲಕಲಕ ಮಾಡಿದೆವು. ನಾನು ಹಾಸಿಗೆಗೆ ಹೊಸ ಚಾದರ ಹಾಸಿದೆ. ವಾಕರನ್ನು ಬೀರುವಿನ ಹಿಂದೆ ಸರಿಸಿದೆ. ಸ್ನಾನದ ಸ್ಟೂಲನ್ನು ಹಿತ್ತಲಿಗೆ ಹಾಕಿದೆ. ಮೂತ್ರದ ಬಾಟಲಿಯನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದೆ. ಗಾಯದ ವಾಸನೆ ಹೋಗಲಿ ಎಂದು ಬೆಳಿಗ್ಗೆಯಿಂದ ಕಿಟಕಿ ತೆರೆದಿಟ್ಟೆ. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಕೇಳಿದರು. ಆಮೇಲೆ, ದೇವರೇ, ಶೂ ಕೇಳಿದರು.

"ಮಾವ, ಪಟ್ಟಿ ಇದೆಯಲ್ಲ."

"ಪಟ್ಟಿ ಮೇಲೇ ಹಾಕು. ಬರಿಗಾಲಲ್ಲಿ ಕೂರೋಕೆ ಅವರೇನು ನಮ್ಮ ಗಿರಾಕಿನಾ?"

ಲೇಸು ಪೂರ್ತಿ ಸಡಿಲಿಸಿ ನಾನೇ ತೊಡಿಸಿದೆ. ನನ್ನ ಈ ಕೈಯಿಂದಲೇ. ಅವರನ್ನು ಯಂತ್ರದ ಮುಂದಿನ ಕುರ್ಚಿಗೆ ತಂದು ಕೂರಿಸಿದೆ. ಕೊರಳಿಗೆ ಟೇಪು ಹಾಕಿಕೊಂಡರು.

ಬಂದವನು ಮೂವತ್ತು ಮೂವತ್ತೈದರ ಯುವಕ, ಕಂಕುಳಲ್ಲಿ ಕಡತ. ಒಳಗೆ ಕಾಲಿಡುತ್ತಿದ್ದ ಹಾಗೆಯೇ ಮಾವ ಎದ್ದು ನಿಂತರು. ಯಂತ್ರದ ಅಂಚು ಹಿಡಿದು, ಮೇಜಿನ ಅಂಚು ಹಿಡಿದು, ನಾಲ್ಕು ಹೆಜ್ಜೆ ನಡೆದು ಬಾಗಿಲ ಬಳಿ ಹೋಗಿ, "ಬನ್ನಿ ಬನ್ನಿ" ಎಂದು ಕೈಹಿಡಿದು ಕರೆತಂದರು. ಬಿದ್ದರೆ ಹಿಡಿಯೋಣವೆಂದು ನಾನು ಬೆನ್ನ ಹಿಂದೆಯೇ ನಡೆದೆ. ಆದರೂ, ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಹೆಮ್ಮೆಯೂ ಆಯಿತು.

"ನಿಮ್ಮ ಎಡ ಭುಜ ಅರ್ಧ ಇಂಚು ಇಳಿದಿದೆ ಸಾರ್. ಚೀಲ ಯಾವಾಗ್ಲೂ ಒಂದೇ ಕಡೆ ಹಾಕ್ಕೊಳ್ತೀರಿ. ಕೋಟು ಹೊಲಿಸೋವಾಗ ನನ್ನ ಹತ್ರ ಬನ್ನಿ" ಅಂದರು ಮಾವ.

ಆತ ನಕ್ಕ. ಕಡತ ತೆರೆದು ಕೇಳತೊಡಗಿದ. ತಲೆ ಬಗ್ಗಿಸಿ ಕೇಳುವುದು, ಗೆರೆ ಎಳೆಯುವುದು, ಮುಂದಿನ ಸಾಲು.

"ಸ್ನಾನ ನೀವೇ ಮಾಡ್ಕೋತೀರಾ?"

"ಓಹೋ."

"ಬಟ್ಟೆ ನೀವೇ ಹಾಕ್ಕೊಳ್ಳೋಕಾಗುತ್ತಾ?"

"ಊರಿಗೆಲ್ಲ ಬಟ್ಟೆ ಹಾಕ್ಸಿದವನು ಸಾರ್ ನಾನು. ನನಗೆ ಹಾಕ್ಕೊಳ್ಳೋಕೆ ಬರಲ್ವಾ?"

"ಮನೆಯಿಂದ ಹೊರಗೆ ಓಡಾಡ್ತೀರಾ?"

"ಬೇಕಂದ್ರೆ ಈಗ್ಲೇ ಬೀದಿ ಕೊನೆವರೆಗೂ ಹೋಗಿ ಬರ್ತೀನಿ."

ಹೋಗಿ ಬರಲಿ ನೋಡೋಣ ಎಂದು ಆತ ಹೇಳಲಿಲ್ಲ. ಶೂ ಬಿಚ್ಚಿ ಎಂದೂ ಹೇಳಲಿಲ್ಲ. ನನ್ನ ಕಡೆ ತಿರುಗಿ, "ಮನೇಲಿ ನೋಡ್ಕೊಳ್ಳೋರು ಯಾರಾದ್ರೂ ಇದಾರಾ?" ಎಂದು ಕೇಳಿದ.

"ನಾನಿದ್ದೀನಲ್ಲ" ಅಂದೆ, ಸೆಟೆದು ನಿಂತು. ಸೊಸೆಯಾದವಳು ಇನ್ನೇನು ಹೇಳುತ್ತಾಳೆ? ಇಲ್ಲ, ನನಗೆ ಬೆಳಗಿಂದ ಸಂಜೆವರೆಗೆ ಹೊಲಿಗೆ ಇದೆ, ಕೈ ಸೋಲುತ್ತದೆ, ಗಾಯದ ಬಗ್ಗೆ ನನಗೆ ಏನೂ ಗೊತ್ತಿಲ್ಲ, ಭಯವಾಗುತ್ತದೆ, ಎಂದು ಯಾವ ಸೊಸೆ ಮಾವನ ಎದುರಿಗೆ ಹೊರಗಿನವನಿಗೆ ಹೇಳುತ್ತಾಳೆ? ಆತ ಒಂದು ಚೌಕದಲ್ಲಿ ಗೆರೆ ಎಳೆದ. ಆ ಚೌಕದೊಳಗೆ ನಾನು ಹೋಗಿ ಕೂತೆ.

ಟೀ ಕುಡಿಯಲು ಪುರುಸೊತ್ತಿಲ್ಲವೆಂದು ಎದ್ದ. ಕನ್ನಡಿಯ ಮೇಲಿನ ಗಡಿಯಾರ ನೋಡಿದೆ. ಬಂದು ಹನ್ನೊಂದು ನಿಮಿಷವಾಗಿತ್ತು. ಒಂದು ಅಂಗಿಗೆ ಅಳತೆ ತೆಗೆಯಲು ನನ್ನ ಮಾವ ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೆ.

ಆತ ತಿರುವಿನಲ್ಲಿ ಮರೆಯಾಗುವವರೆಗೂ ಮಾವ ನಗುತ್ತ ನಿಂತಿದ್ದರು. ಮರೆಯಾದ ಮೇಲೆ ಕುಸಿದರು. ಶೂ ಬಿಚ್ಚಿದಾಗ ಪಟ್ಟಿ ಒದ್ದೆಯಾಗಿತ್ತು.

ಶುಕ್ರವಾರ ಸಿಸ್ಟರಿಗೆ ರಜೆ; ಒದ್ದೆ ಪಟ್ಟಿಯ ಮೇಲೆ ನಾನೇ ಇನ್ನೊಂದು ಸುತ್ತಿದ್ದೆ. ಸೋಮವಾರ ಸಿಸ್ಟರಿಗಿಂತ ಮೊದಲು ಅಂಚೆಯವನು ಪತ್ರ ತಂದ. ರೋಗಿಯು ಸ್ವತಂತ್ರವಾಗಿ ಓಡಾಡಲು ಶಕ್ತರಿದ್ದು, ಮನೆಯಲ್ಲಿ ಆರೈಕೆದಾರರು ಲಭ್ಯವಿರುವುದರಿಂದ ಸೇವೆಯನ್ನು ಮುಕ್ತಾಯಗೊಳಿಸಲಾಗಿದೆ. ಆರೈಕೆದಾರರು ಅಂದರೆ ನಾನು. ನನ್ನನ್ನು ಯಾರೂ ಕೇಳಲಿಲ್ಲ, ಕಲಿಸಲಿಲ್ಲ, ಆದರೂ ಕಾಗದದಲ್ಲಿ ನೇಮಕ ಆಗಿಹೋಗಿತ್ತು. ಗಂಡನಿಗೆ ಫೋನ್ ಮಾಡಿದರೆ, "ಅಂದ್ರೆ ಅಪ್ಪ ಹುಷಾರಾದ್ರು ಅಂತಲ್ವಾ?" ಅಂದ. ಫೋನಿನಲ್ಲಿ ಹೊಡೆಯುವ ಹಾಗಿದ್ದಿದ್ದರೆ ಹೊಡೆದೇಬಿಡುತ್ತಿದ್ದೆ.

ಸಿಸ್ಟರ್ ಬಂದು ಪಟ್ಟಿ ಬಿಚ್ಚಿದರು. ಗಾಯದ ಪಕ್ಕದಲ್ಲಿ ಹೊಸದಾಗಿ ಒಂದು ಗುಳ್ಳೆ ಎದ್ದು ಒಡೆದಿತ್ತು.

"ಇದೇನಿದು? ಏನು ಉಜ್ಜಿದ್ದು?"

ನಾನು ನೆಲ ನೋಡಿದೆ. ಮಾವ ಗೋಡೆ ನೋಡಿದರು.

"ಶೂ" ಅಂದೆ.

ಸಿಸ್ಟರಿಗೆ ಸಿಟ್ಟು ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವರ ಕೈ ಮಾತ್ರ ಆಗಲೂ ಮೆತ್ತಗೇ ಇತ್ತು. "ಎಂಟು ವಾರದಿಂದ ಪ್ರತಿ ಸಲ ಬರೆದಿದೀನಿ. ನಡೆಯೋ ಹಾಗಿಲ್ಲ, ಒಬ್ಬರ ಸಹಾಯ ಬೇಕು, ಗಾಯ ಇಷ್ಟಿದೆ, ಅಷ್ಟಿದೆ. ಅದೆಲ್ಲ ಆಫೀಸಲ್ಲೇ ಇದೆ. ತೆಗೆದು ನೋಡಿದ್ರೆ ತಾನೇ? ಮೇಲಿನೋರು ಅಳತೆ ನೋಡಲ್ಲ, ಗೆರೆ ನೋಡ್ತಾರೆ" ಅಂದರು. ನನ್ನ ಕಡೆ ತಿರುಗಿ, "ಸ್ನಾನ ಯಾರು ಮಾಡಿಸ್ತಾರೆ?" ಎಂದು ಕೇಳಿದರು.

"ನಾನೇ" ಅಂದೆ.

"ಅದಕ್ಕೂ ಒಬ್ಬ ಗಂಡಸು ಸಹಾಯಕ ಬರ್ತಿದ್ದ. ವಾರಕ್ಕೆರಡು ಸಲ. ನಿಮಗೆ ಕೊಟ್ಟ ಕಡತದಲ್ಲೇ ಇದೆ. ಬೇಕು ಅಂತ ಕೇಳ್ಬೇಕಿತ್ತು. ಸ್ನಾನ ಯಾರು ಮಾಡಿಸ್ತಾರೆ ಅಂತ ನಾನೂ ಮೊದಲೇ ಕೇಳ್ಬೇಕಿತ್ತು. ಮಾಸ್ಟ್ರು ತಾವೇ ಮಾಡ್ಕೋತೀನಿ ಅಂದಿದ್ರು, ನಂಬಿಬಿಟ್ಟೆ."

ಮಾವ ಕಣ್ಣು ಮುಚ್ಚಿಕೊಂಡರು. ಎಂಟು ವಾರ ಆ ಸ್ಟೂಲಿನ ಮೇಲೆ ಅವರು ಕಣ್ಣು ಮುಚ್ಚಿಕೊಂಡು ಕೂತದ್ದು ಬೇಕಿರಲಿಲ್ಲ. ನಾನು ದಾರದ ಬಣ್ಣದ ಬಗ್ಗೆ ಹರಟಿದ್ದು ಬೇಕಿರಲಿಲ್ಲ. ಬೀರುವಿನ ಮೇಲಿನ ಕಡತದ ಹನ್ನೆರಡನೆಯ ಹಾಳೆಯಲ್ಲಿ, ಇರುವೆಗಿಂತ ಸಣ್ಣ ಅಕ್ಷರದಲ್ಲಿ, ಆ ಸಹಾಯಕ ಅಷ್ಟು ದಿನವೂ ಇದ್ದ.

ಹೊರಡುವ ಮುಂಚೆ ಸಿಸ್ಟರ್ ಆ ಪತ್ರವನ್ನು ಮಗುಚಿ ಮೇಜಿನ ಮೇಲಿಟ್ಟರು. "ಇಲ್ಲಿ ಓದಿ. ಹದಿನೈದು ದಿನದೊಳಗೆ ಒಪ್ಪಲ್ಲ ಅಂತ ಬರೆದುಕೊಟ್ರೆ ಇನ್ನೊಂದು ಸಲ ನೋಡ್ಲೇಬೇಕು. ಇದು ಯಾರ ದಾಕ್ಷಿಣ್ಯನೂ ಅಲ್ಲ, ನಿಮ್ಮ ಹಕ್ಕು." ಇನ್ನು ತಾವು ಬರುವ ಹಾಗಿಲ್ಲವೆಂದು, ಪಟ್ಟಿ ಕಟ್ಟುವ ರೀತಿಯನ್ನು ನನ್ನಿಂದ ಎರಡು ಸಲ ಮಾಡಿಸಿ ನೋಡಿ ಹೋದರು.

ಮಾವ ಹಟ ಹಿಡಿದರು. "ಬೇಡ ಅಂದೋರ ಮುಂದೆ ಹೋಗಿ ಕೈಯೊಡ್ಡೋದಾ? ನಾನು ಬದುಕಿರೋವರೆಗೂ ಅದಾಗಲ್ಲ." ನಾಲ್ಕು ದಿನ ಅದೇ ಮಾತು. ಐದನೆಯ ದಿನ ನಾನು ಅವರನ್ನು ಕೇಳದೆ ಹೊಲಿಗೆ ಅರ್ಧಕ್ಕೆ ಬಿಟ್ಟು ಹೊರಟೆ.

ಆರೈಕೆ ಸೇವೆಯ ಕಚೇರಿಯಲ್ಲಿ ಗಾಜಿನ ಹಿಂದೆ ಒಬ್ಬಳು ಕೂತಿದ್ದಳು. ಪತ್ರ ನೋಡಿ, "ಅವರೇ ಓಡಾಡ್ತೀನಿ ಅಂದಿದಾರಲ್ಲ ಮೇಡಮ್" ಅಂದಳು.

"ಅಂದ್ರು. ಆದ್ರೆ ಓಡಾಡಲ್ಲ."

"ಫಾರ್ಮಲ್ಲಿ ಓಡಾಡ್ತಾರೆ."

"ಹಾಗಾದ್ರೆ ಫಾರ್ಮಿಗೇ ಬಂದು ಪಟ್ಟಿ ಕಟ್ಟಿ!" ಎಂದು ಕೂಗಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ತಿರುಗಲಿ. "ನಿಮ್ಮದೇ ನರ್ಸು ಎಂಟು ವಾರ ಅಳೆದು ಬರೆದಿದ್ದು ನಿಮ್ಮ ಹತ್ರಾನೇ ಇದೆ. ಅದನ್ನ ತೆಗೀರಿ, ಇದರ ಪಕ್ಕ ಇಡಿ."

"ಅದು ಬೇರೆ ವಿಭಾಗ ಮೇಡಮ್."

ಒಂದೇ ಮನುಷ್ಯನ ಒಂದೇ ಕಾಲು ಎರಡು ವಿಭಾಗದಲ್ಲಿತ್ತು, ಆ ಎರಡಕ್ಕೂ ಮಾತುಕತೆ ಇರಲಿಲ್ಲ. ನಾನು ಅಲ್ಲೇ ನಿಂತು ತಕರಾರು ಬರೆದೆ, ಮುದ್ರೆ ಹಾಕಿಸಿಕೊಂಡೆ, ಪ್ರತಿ ಕೇಳಿ ತೆಗೆದುಕೊಂಡೆ. ಮರುಪರಿಶೀಲನೆಗೆ ದಿನ ಕೊಟ್ಟದ್ದು ಹತ್ತೊಂಬತ್ತು ದಿನದ ಮೇಲೆ. ಅಷ್ಟರವರೆಗೆ ಏನು ಮಾಡಲಿ ಎಂದರೆ ಆಸ್ಪತ್ರೆಗೆ ಹೋಗಿ ಎಂದರು. ಆಸ್ಪತ್ರೆಗೆ ಹೋದರೆ ಡ್ರೆಸಿಂಗ್ ಮನೆ ಆರೈಕೆಯವರ ಕೆಲಸ ಎಂದರು. ಎರಡು ಸಲ ಮಾವನನ್ನು ಕುರ್ಚಿ ಸಮೇತ ಮೂರು ಮೆಟ್ಟಿಲು ಇಳಿಸಿ, ಬಾಡಿಗೆ ವಾಹನದಲ್ಲಿ ಕರೆದೊಯ್ದು, ನಾಲ್ಕು ಗಂಟೆ ಬೆಂಚಿನ ಮೇಲೆ ಕಾಯಿಸಿ, ಐದು ನಿಮಿಷದ ಪಟ್ಟಿ ಕಟ್ಟಿಸಿಕೊಂಡು ಬಂದೆ. ಮಿಕ್ಕ ದಿನ ನಾನೇ ಕಟ್ಟಿದೆ.

ಕೋಟಿನ ತೋಳನ್ನು ಕಣ್ಣು ಮುಚ್ಚಿಕೊಂಡು ಕೂರಿಸುವ ನನ್ನ ಕೈ ಆ ಗಾಯದೊಳಗೆ ಬಟ್ಟೆ ತುಂಬಿ, ತೆಗೆದು, ಮತ್ತೆ ತುಂಬುತ್ತಿತ್ತು. ಎಷ್ಟು ಒತ್ತಬೇಕು, ಎಷ್ಟು ಒತ್ತಬಾರದು, ಅದು ಕೈಗೆ ತಿಳಿಯಬೇಕಾದ ಸಂಗತಿ. ಎರಡು ಸಲ ನೋಡಿ ಬರುವಂಥದ್ದಲ್ಲ. ಸಿಸ್ಟರ್ ಬಿಟ್ಟುಹೋದ ಅಳತೆಪಟ್ಟಿ ಇಟ್ಟು ನೋಡುತ್ತಿದ್ದೆ. ಮೂರೂವರೆ. ನಾಲ್ಕು. ಮಾವ ಈಗ ಎಷ್ಟು ಎಂದು ಕೇಳುವುದನ್ನು ಬಿಟ್ಟಿದ್ದರು. ಎರಡನೆಯ ವಾರದ ಕೊನೆಗೆ ಪಟ್ಟಿ ಬಿಚ್ಚಿದಾಗ ಬಂದ ವಾಸನೆಗೆ ನಾನು ಮುಖ ತಿರುಗಿಸಿದೆ. ಮಾವ ಅದನ್ನು ನೋಡಿದರು. ನನ್ನ ಜೀವಮಾನದಲ್ಲಿ ನನಗೆ ಅಷ್ಟು ನಾಚಿಕೆಯಾದದ್ದಿಲ್ಲ.

ಮರುಪರಿಶೀಲನೆಯ ಬೆಳಿಗ್ಗೆ ಅವರಿಗೆ ಜ್ವರವಿತ್ತು. ಆದರೂ, "ಬಿಳಿ ಅಂಗಿ ಕೊಡು" ಅಂದರು.

"ಕೊಡಲ್ಲ."

"ಅವನ ಮುಂದೆ ನಾನು ನರಳಬೇಕಾ? ನಾಟಕ ಆಡ್ಬೇಕಾ ನಾನು?"

"ಹೋದ ಸಲ ಆಡಿದ್ದೇ ನಾಟಕ ಮಾವ! ನೀವೂ ಆಡಿದ್ರಿ, ನಾನೂ ಆಡ್ದೆ!" ಹದಿನಾಲ್ಕು ವರ್ಷದಲ್ಲಿ ನಾನು ಅವರ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಚಾದರ ಬದಲಾಯಿಸಲಿಲ್ಲ. ಕೀವಿನ ಕಲೆಯಿದ್ದ ಚಾದರವೇ ಇರಲಿ. ವಾಕರ್ ಮಂಚದ ಪಕ್ಕದಲ್ಲೇ ಇರಲಿ. ಬಾಟಲಿ ಕೈಗೆಟಕುವಲ್ಲಿ ಇರಲಿ. ಕಿಟಕಿ ತೆರೆಯಲಿಲ್ಲ.

ಅವನೇ ಬಂದ. ಬಾಗಿಲು ದಾಟುತ್ತಲೇ ಮೂಗಿಗೆ ಕೈ ಹೋಯಿತು, ತಕ್ಷಣ ತೆಗೆದ. ಮಾವನಿಗೆ ಅವನನ್ನು ಕಂಡದ್ದೇ ತಡ, ಮತ್ತೆ ಅದೇ. ಮೊಣಕೈ ಊರಿ ಏಳಲು ಹೊರಟರು, ಭುಜ ಹಿಂದಕ್ಕೆ ಹೋಯಿತು, ಮುಖಕ್ಕೆ ಅಂಗಡಿಯ ನಗು ಬಂತು. ಬಾಯಿ ತೆರೆದರು. ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಬನ್ನಿ ಬನ್ನಿ.

"ಮಾವ, ಹೊಟ್ಟೆ ಸಡಿಲ ಬಿಡಿ" ಅಂದೆ.

ಅವರು ನನ್ನನ್ನೇ ನೋಡಿದರು. ನಲವತ್ತಾರು ವರ್ಷ ಅವರು ಹೇಳಿದ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಭುಜ ಇಳಿಯಿತು. ಉಸಿರು ಬಿಟ್ಟರು. ಅಷ್ಟು ದಿನ ಹಿಡಿದಿಟ್ಟ ಉಸಿರು. ದಿಂಬಿಗೆ ಒರಗಿದ ಮೇಲೆ ಅವರು ಎಷ್ಟು ಸಣ್ಣಗಾಗಿದ್ದಾರೆಂದು ನನಗೇ ಆಗ ಕಂಡಿತು.

"ಕೇಳಿ ಸಾರ್" ಅಂದರು. "ಸ್ನಾನ ನಾನು ಮಾಡ್ಕೊಳ್ಳಲ್ಲ. ನನ್ನ ಸೊಸೆ ಮಾಡಿಸ್ತಾಳೆ. ಪಾಯಿಖಾನೆಗೂ ಅವಳೇ ಕರ್ಕೊಂಡು ಹೋಗ್ತಾಳೆ. ಬೀದಿ ನೋಡಿ ಮೂರು ತಿಂಗಳಾಯ್ತು, ಆಸ್ಪತ್ರೆಗೆ ಎತ್ಕೊಂಡು ಹೋಗಿದ್ದು ಬಿಟ್ರೆ. ಹೋದ ಸಲ ಹೇಳಿದ್ದೆಲ್ಲ ಸುಳ್ಳು." ಆಮೇಲೆ ತಾವಾಗಿಯೇ ಹೊದಿಕೆ ಸರಿಸಿ ಕಾಲು ಮುಂದೆ ಮಾಡಿದರು.

ಆತನ ಮುಖ ಬಿಳಿಚಿಕೊಂಡಿತು. "ಇದನ್ನ ಹೋದ ಸಲಾನೇ ಹೇಳ್ಬಹುದಿತ್ತಲ್ಲ" ಅಂದ, ಮೆಲ್ಲಗೆ.

ನನ್ನ ತಾಳ್ಮೆಯ ಕಟ್ಟೆ ಒಡೆಯಿತು. "ನೀವು ಬಾಯನ್ನ ಕೇಳಿದ್ರಿ ಸಾರ್, ಕಾಲನ್ನ ನೋಡ್ಲಿಲ್ಲ. ನಿಮ್ಮ ಕೆಲಸ ನೋಡೋದು. ಮರ್ಯಾದೆ ಇರೋ ಯಾವ ಮುದುಕ ಹೊರಗಿನೋನ ಮುಂದೆ ನನ್ನ ಬೆನ್ನು ಸೊಸೆ ತೊಳೀತಾಳೆ ಅಂತಾನೆ? ಇದು ನಿಮಗೆ ಗೊತ್ತಿಲ್ವಾ? ದಿನಕ್ಕೆ ಎಷ್ಟು ಮನೆ ನೋಡ್ತೀರಿ ನೀವು?"

"ಒಂಬತ್ತು" ಅಂದ ಆತ. "ಒಂಬತ್ತು ಮುಗಿಸ್ಲೇಬೇಕು."

ಅವನ ಎಡ ಭುಜ ಆವತ್ತು ಇನ್ನೂ ಇಳಿದಂತೆ ಕಂಡಿತು. ಒಂದು ಕ್ಷಣ ಪಾಪ ಅನ್ನಿಸಿತು. ಒಂದೇ ಕ್ಷಣ. ಒಂಬತ್ತು ಎಂದು ಗೊತ್ತು ಮಾಡಿದವನು ಎಲ್ಲೋ ಫ್ಯಾನಿನ ಕೆಳಗೆ ತಣ್ಣಗೆ ಕೂತಿದ್ದಾನೆ. ನನ್ನ ಸಿಟ್ಟೆಲ್ಲ ಅವನ ಕಡೆ ಹೊರಳಿತು. ಅವನು ನನ್ನ ಕಣ್ಣಿಗೆ ಯಾವತ್ತೂ ಬೀಳುವುದಿಲ್ಲ.

ಮರುಪರಿಶೀಲನೆಯ ಪತ್ರ ಬಂದಾಗ ಮಾವ ಆಸ್ಪತ್ರೆಯಲ್ಲಿದ್ದರು. ಗಾಯ ಮೂಳೆಗೆ ಇಳಿದಿತ್ತು. ಬಲ ಪಾದದ ಮುಂದಿನ ಅರ್ಧ ತೆಗೆದಿದ್ದರು. ಮಂಚದ ಪಕ್ಕ ನಿಂತು ಓದಿ ಹೇಳಿದೆ. ರೋಗಿಯ ಸ್ಥಿತಿ ಹದಗೆಟ್ಟಿರುವುದರಿಂದ ಸೇವೆಗೆ ಅರ್ಹರೆಂದು ತೀರ್ಮಾನಿಸಲಾಗಿದೆ. ಮಾವ ಇನ್ನೊಂದು ಸಲ ಓದಿಸಿದರು. ಮಾಯುತ್ತಿದ್ದ ಕಾಲಿಗೆ ಸಿಗದದ್ದು ಕೊಳೆತ ಕಾಲಿಗೆ ಸಿಕ್ಕಿತು. ಆ ಪತ್ರವನ್ನು ನಾನು ಹರಿಯಲಿಲ್ಲ. ಇಟ್ಟುಕೊಂಡಿದ್ದೇನೆ.

ಸಿಸ್ಟರ್ ಮತ್ತೆ ಬಂದರು, ಮತ್ತೆ ಮೊಣಕೈವರೆಗೆ ಕೈ ತೊಳೆದರು. ಸ್ನಾನಕ್ಕೆ ಸಹಾಯಕನೂ ಬಂದ. ಅವನ ಜೊತೆ ಮಾವ ಕಣ್ಣು ಬಿಟ್ಟುಕೊಂಡೇ ಸ್ನಾನ ಮಾಡುತ್ತಾರೆ, ಅವನ ಅಂಗಿಯ ಕಂಕುಳ ಹೊಲಿಗೆಯ ತಪ್ಪು ಹೇಳುತ್ತ. ಗಾಯ ಮಾಯಲು ಐದು ತಿಂಗಳು ಹಿಡಿಯಿತು. ಪೆಡಲು ಈಗ ನನ್ನದು. ಅವರು ಕಿಟಕಿಯ ಬಳಿ ಕೂತು ಗುಂಡಿ ತೂರುವ ಕಾಜಾ ಹೊಲಿಯುತ್ತಾರೆ. ಅರ್ಧ ಪಾದದ ಮೇಲೆ ಸದಾ ದಪ್ಪ ಕಾಲುಚೀಲ. ಡಾಕ್ಟರು, ಸಿಸ್ಟರು, ನಾನು, ಆ ಸಹಾಯಕ, ನಾಲ್ವರನ್ನು ಬಿಟ್ಟರೆ ಅದನ್ನು ಯಾರಿಗೂ ತೋರಿಸಿದವರಲ್ಲ. ಸ್ವಂತ ಮಗನಿಗೂ ತೋರಿಸಿರಲಿಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ಎದುರು ಮನೆಯಲ್ಲಿ ಗಲಿಬಿಲಿ. ಅಲ್ಲಿರುವುದು ಬಡಗಿ, ಅವನ ಹೆಂಡತಿಗೆ ಪಾರ್ಶ್ವವಾಯು ಬಡಿದು ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ಅವರಿಗೂ ನಮ್ಮ ಸಿಸ್ಟರೇ ಬರುತ್ತಿದ್ದುದು. ಬಡಗಿ ಬಾಗಿಲು ತೊಳೆಯುತ್ತಿದ್ದ, ಹೊಸ ಚಾದರ ಕೊಡವುತ್ತಿದ್ದ. ಮಾವ ಕಿಟಕಿಯಿಂದ ಅದನ್ನೇ ನೋಡುತ್ತ ಸೂಜಿ ನಿಲ್ಲಿಸಿದರು.

"ಇವತ್ತು ಅವರ ಮನೆಗೆ ಪರಿಶೀಲನೆಯವರು ಬರ್ತಾರಾ?"

"ಹನ್ನೊಂದಕ್ಕಂತೆ ಮಾವ."

"ವಾಕರ್ ಕೊಡು."

ಬೀದಿ ದಾಟಲು ನಮಗೆ ಹತ್ತು ನಿಮಿಷ ಹಿಡಿಯಿತು. ಒಂದು ಸೈಕಲ್ಲು, ಒಂದು ಲಾರಿ ಕಾದು ನಿಂತವು. ಬಡಗಿ ಗಾಬರಿಯಿಂದ ಕುರ್ಚಿ ತಂದ. "ಏನ್ ಮಾಸ್ಟ್ರೇ, ನೀವ್ಯಾಕೆ ಬರೋಕೆ ಹೋದ್ರಿ, ಕರೆದಿದ್ರೆ ನಾನೇ ಬರ್ತಿರ್ಲಿಲ್ವಾ?"

ಮಾವ ಕೂತರು. ಕೋಣೆಯನ್ನೊಮ್ಮೆ ನೋಡಿದರು. ಹೆಂಡತಿಗೆ ಒಳ್ಳೆಯ ಬಟ್ಟೆ ತೊಡಿಸಿ, ತಲೆ ಬಾಚಿ, ನಾಲ್ಕು ದಿಂಬು ಕೊಟ್ಟು ನೆಟ್ಟಗೆ ಕೂರಿಸಲಾಗಿತ್ತು. ಮಾವ ಬಗ್ಗಿ ಕಾಲುಚೀಲ ಬಿಚ್ಚಿದರು. ಅರ್ಧ ಪಾದವನ್ನು ಅವನ ಮುಂದೆ ನೆಲದ ಮೇಲಿಟ್ಟರು.

"ನೋಡಪ್ಪ. ಹನ್ನೊಂದು ನಿಮಿಷ ಹೊಟ್ಟೆ ಎಳ್ಕೊಂಡು ಕೂತಿದ್ದಕ್ಕೆ ಇದು. ಮನೆ ಹೇಗಿತ್ತೋ ಹಾಗೇ ಮಾಡು."

ಬಡಗಿ ಆ ಪಾದವನ್ನು ನೋಡಿದ. ಆಮೇಲೆ ಹೆಂಡತಿಯ ಬೆನ್ನ ಹಿಂದಿನ ದಿಂಬುಗಳನ್ನು ಒಂದೊಂದಾಗಿ ತೆಗೆದ. ಹಿತ್ತಲಿಗೆ ಹೋಗಿ ಬಚ್ಚಿಟ್ಟಿದ್ದ ಬೆಡ್‌ಪ್ಯಾನ್ ತಂದು ಮಂಚದ ಪಕ್ಕ, ಎಲ್ಲರಿಗೂ ಕಾಣುವ ಹಾಗೆ ಇಟ್ಟ.